ಗೋಡೆಗೆ ತಾಗದ ಹಂದರ: ಕರಾವಳಿಯ ಬೋಳು ಗೋಡೆಗೆ ಬಳ್ಳಿಯ ಅಲಂಕಾರ

ಕರಾವಳಿಯ ಮನೆಗಳಿಗೆ ಚಪ್ಪರ ಹೊಸದಲ್ಲ. ಬಾವಿಕಟ್ಟೆಯ ಪಕ್ಕದಲ್ಲೋ ಬಚ್ಚಲ ನೀರು ಹರಿದುಹೋಗುವ ಕಡೆಯಲ್ಲೋ ನಾಲ್ಕು ಅಡಕೆಯ ಕಂಬ ನೆಟ್ಟು, ಮೇಲೆ ಸಲಾಕೆ ಹಾಸಿ ಬಸಳೆ ಹಬ್ಬಿಸದ ಮನೆ ಒಂದು ಕಾಲಕ್ಕೆ ಉಡುಪಿ, ಮಂಗಳೂರಿನ ಕಡೆ ಅಪರೂಪವಾಗಿತ್ತು. ಆ ಚಪ್ಪರ ಮಲಗಿರುತ್ತಿತ್ತು. ಅದನ್ನೇ ಎಬ್ಬಿಸಿ ಗೋಡೆಯ ಮುಂದೆ ನಿಲ್ಲಿಸಿ, ಸೊಪ್ಪಿನ ಬದಲು ಹೂಬಳ್ಳಿ ಹಬ್ಬಿಸುವ ಕೆಲಸವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಹಳೆಯ ಹೆಂಚಿನ ಮನೆಗಳಿಗೆ ಇಂಥ ಅಲಂಕಾರ ಬೇಕಾಗುತ್ತಲೇ ಇರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಭಾಗದಲ್ಲೆಲ್ಲ ಹರಡಿದ ಹೆಂಚಿನ ಮಾಡು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮಳೆಯೂ ಬಿಸಿಲೂ ನೇರವಾಗಿ ಗೋಡೆಗೆ ಬೀಳುತ್ತಿರಲಿಲ್ಲ. ಈಗಿನ ತಾರಸಿ ಮನೆಗಳ ಪಕ್ಕದ ಗೋಡೆಗಳು ಒಂದು ಕಿಟಕಿಯೂ ಇಲ್ಲದೆ ಇಪ್ಪತ್ತು ಅಡಿ ಎತ್ತರಕ್ಕೆ ಬೋಳಾಗಿ ನಿಂತಿರುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಈ ಗೋಡೆಗಳು ಮೈಯೊಡ್ಡಿ ತಡೆಯಬೇಕು. ಬಯಲುಸೀಮೆಯ ಊರುಗಳಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಕೆಟ್ಟುಹೋಗುವುದು ಬಳ್ಳಿಯಲ್ಲ, ಗೋಡೆ.

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಕೆಲವು ವರ್ಷಗಳ ಹಿಂದೆ ಉಡುಪಿಯ ನಮ್ಮ ಮನೆಯ ಪಡುವಣ ಗೋಡೆಗೆ ಕಬ್ಬಿಣದ ಜಾಲರಿಯನ್ನು ಒತ್ತಿಯೇ ಬಡಿಸಿ, ಅದರ ಮೇಲೆ ಮಧುಮಾಲತಿ ಹಬ್ಬಿಸಿದ್ದೆ. ಎರಡು ಮಳೆಗಾಲ ನೋಡಲು ಚೆಂದವಾಗಿಯೇ ಇತ್ತು. ಮೂರನೆಯ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಳಗಿನ ಕೋಣೆಯ ಗೋಡೆ, ಕಪಾಟಿನ ಹಿಂಭಾಗದಲ್ಲಿ, ಹಪ್ಪಳದ ಹಾಗೆ ಉಬ್ಬಿ ಬಂತು. ಬಳ್ಳಿ ಸವರಿ (ಕತ್ತರಿಸಿ) ನೋಡಿದರೆ ಒಂದೊಂದು ಮೊಳೆಯ ಕೆಳಗೂ ತುಕ್ಕಿನ ಕೆಂಪು ಗೆರೆ ಇಳಿದಿತ್ತು; ಜಾಲರಿಯ ಹಿಂದೆ ಕೊಳೆತ ಎಲೆ, ಮಣ್ಣು, ಬಸವನಹುಳು ಸೇರಿಕೊಂಡು ಬೆರಳು ತೂರಿಸಲೂ ಜಾಗವಿಲ್ಲದಂತಾಗಿತ್ತು; ಉಗುರಿನಿಂದ ಕೆರೆದರೆ ಸಾರಣೆ ಹಿಟ್ಟಿನಂತೆ ಉದುರುತ್ತಿತ್ತು. ಬಳ್ಳಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಗೋಡೆಗೂ ಹಂದರಕ್ಕೂ ನಡುವೆ ಗಾಳಿ ಆಡಲು ದಾರಿ ಇರಲಿಲ್ಲ, ಹಂದರವನ್ನು ಕಳಚಿ ಗೋಡೆ ನೋಡಿಕೊಳ್ಳುವ ಉಪಾಯವೂ ಇರಲಿಲ್ಲ. ಆದ್ದರಿಂದ ಮುಂದೆ ಹೇಳುವುದೆಲ್ಲ ಎರಡು ನಿಯಮಗಳಿಗೆ ಒಳಪಟ್ಟದ್ದು: ಹಂದರ ಗೋಡೆಯಿಂದ ನಾಲ್ಕು ಇಂಚು ದೂರ ನಿಲ್ಲಬೇಕು, ಬೇಕೆಂದಾಗ ಅದು ಗೋಡೆಯಿಂದ ಬಿಚ್ಚಿ ಬರಬೇಕು.

ಮೊದಲು ಗೋಡೆ

ಹಂದರದ ಕೆಲಸವನ್ನು ಡಿಸೆಂಬರಿನ ನಂತರ, ಗೋಡೆ ಚೆನ್ನಾಗಿ ಒಣಗಿರುವಾಗ ಆರಂಭಿಸಬೇಕು. ಒದ್ದೆ ಗೋಡೆಗೆ ತೂತು ಕೊರೆದು ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಒಂದೆರಡು ದಿನ ಕೆಲಸ ಕೆಡಿಸಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದು, ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಕಬ್ಬಿಣ, ಮರ, ಸಿಮೆಂಟಿನ ಕೆಲಸವನ್ನೆಲ್ಲ ಮುಗಿಸಿಕೊಂಡರೆ ಮಳೆ ಹಿಡಿದ ಕೂಡಲೇ ಗಿಡ ನೆಡಲು ಅನುಕೂಲ.

ಗೋಡೆಯ ಬುಡದಿಂದ ನೆತ್ತಿಯವರೆಗೆ ಒಮ್ಮೆ ನಿಧಾನವಾಗಿ ನೋಡಿ. ಕೂದಲೆಳೆಯ ಬಿರುಕುಗಳಿದ್ದರೆ ಮೇಸ್ತ್ರಿಯನ್ನು ಕರೆಸಿ ಮುಚ್ಚಿಸಬೇಕು. ಪಾಚಿ ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಹೊರಗೋಡೆಗೆ ಹಚ್ಚುವ ಬಣ್ಣವನ್ನು ಎರಡು ಸಲ ಹಚ್ಚಿಸಬೇಕು. ಬಳ್ಳಿ ಹಬ್ಬಿದರೆ ಗೋಡೆಯ ಒಸರು ತಾನಾಗಿ ನಿಲ್ಲುತ್ತದೆ ಎಂದು ನಂಬುವವರಿದ್ದಾರೆ. ಎಲೆಗಳು ಇರಚಲನ್ನು ಒಂದಿಷ್ಟು ತಡೆಯುವುದು ನಿಜ, ಆದರೆ ಆಗಲೇ ಸೋರುತ್ತಿರುವ ಗೋಡೆಯನ್ನು ಬಳ್ಳಿ ಮರೆಮಾಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.

ಇನ್ನು ದಿಕ್ಕು. ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ ಹೊಡೆತ ಹೆಚ್ಚು. ಬೇಸಿಗೆಯ ಸಂಜೆಯ ಬಿಸಿಲು ಕೂಡ ಅವಕ್ಕೇ ಬೀಳುತ್ತದೆ. ಅಲ್ಲಿಗೆ ಗಟ್ಟಿ ಹಂದರ, ಗಟ್ಟಿ ಬಳ್ಳಿ ಬೇಕು. ಪೂರ್ವದ ಗೋಡೆಯಷ್ಟು ಸುಲಭದ ಜಾಗ ಮತ್ತೊಂದಿಲ್ಲ. ಮೊದಲ ಸಲ ಮಾಡುವವರು ಅಲ್ಲಿಂದಲೇ ಆರಂಭಿಸುವುದು ಜಾಣತನ. ಉತ್ತರ ಮತ್ತು ದಕ್ಷಿಣದ ಗೋಡೆಗಳ ವಿಷಯದಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಅಂದರೆ ಉತ್ತರದ ಗೋಡೆಗೆ ಬಿಸಿಲಿನ ಸರದಿ ಬರುವ ಹೊತ್ತಿಗೆ ಮೋಡ ಕವಿದಿರುತ್ತದೆ, ಆಕಾಶ ತೊಳೆದಂತಿರುವ ನವೆಂಬರಿನಿಂದ ಫೆಬ್ರವರಿಯವರೆಗಿನ ಬಿಸಿಲೆಲ್ಲ ದಕ್ಷಿಣದ ಗೋಡೆಯ ಪಾಲಾಗುತ್ತದೆ. ಹೂ ಬೇಕೆನ್ನುವವರು ದಕ್ಷಿಣದ ಗೋಡೆಯನ್ನು ಆರಿಸಿಕೊಳ್ಳಿ. ಉತ್ತರದ ಗೋಡೆಯಿಂದ ಎಲೆಯ ಹಸಿರನ್ನಷ್ಟೇ ನಿರೀಕ್ಷಿಸಿ.

ಗೋಡೆಯನ್ನು ಪೂರ್ತಿ ಮುಚ್ಚುವ ಆಸೆಯನ್ನು ಬಿಟ್ಟರೆ ಒಳ್ಳೆಯದು. ಅಗಲವಾದ ಒಂದೇ ಹಂದರಕ್ಕಿಂತ ಮೂರು ನಾಲ್ಕು ಅಡಿ ಅಗಲದ ಎರಡು ಮೂರು ಹಂದರಗಳು, ನಡುನಡುವೆ ಬೋಳು ಗೋಡೆ ಬಿಟ್ಟುಕೊಂಡು ನಿಂತರೆ, ನೋಡುವುದಕ್ಕೂ ಲಕ್ಷಣ, ಕಳಚುವುದಕ್ಕೂ ಸುಲಭ. ಕಿಟಕಿಯಿರುವ ಗೋಡೆಯಾದರೆ ಹಂದರದ ಮೇಲಂಚು ಕಿಟಕಿಯ ಮೇಲಂಚಿಗೆ ಸಮನಾಗಿರಲಿ. ಒಂದು ಗೇಣು ಏರುಪೇರಾದರೂ ದೂರದಿಂದಲೇ ಕಣ್ಣಿಗೆ ಕುತ್ತುತ್ತದೆ. ಸಾರಣೆ ಮಾಡದೆ ಬಿಟ್ಟ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಗೋಡೆಗೆ ಬಿಳಿ ಹೂವಿನ ಬಳ್ಳಿ ಒಪ್ಪುತ್ತದೆ, ಬಿಳಿ ಗೋಡೆಗೆ ನೇರಳೆ ಅಥವಾ ಗಾಢ ಗುಲಾಬಿ. ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಬಳ್ಳಿಯಿಂದ ಮರೆಮಾಡಲು ಹೋಗಬೇಡಿ. ಅದರ ಬಿಸಿಗಾಳಿಗೆ ಎಲೆ ಸೀದುಹೋಗುತ್ತದೆ, ಯಂತ್ರಕ್ಕೂ ಉಸಿರು ಕಟ್ಟುತ್ತದೆ.

ಹಂದರ ಯಾವುದರಿಂದ?

ಅತ್ಯಂತ ಅಗ್ಗದ್ದು ಅಡಕೆಯ ಸಲಾಕೆ. ಬಲಿತ ಮರದಿಂದ ಸೀಳಿದ ಸಲಾಕೆಯನ್ನು ಹುರಿಹಗ್ಗದಿಂದ ಚೌಕಚೌಕವಾಗಿ ಕಟ್ಟಿದರೆ ಅದರ ಚೆಲುವಿಗೆ ಯಾವ ಅಂಗಡಿಯ ಜಾಲರಿಯೂ ಸಾಟಿಯಲ್ಲ. ಆದರೆ ಮಳೆಗೆ ಮೈಯೊಡ್ಡಿದ ಸಲಾಕೆ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಬುಡ ಮಣ್ಣಿಗೆ ತಾಗಿದ್ದರೆ ಗೆದ್ದಲು ಅಷ್ಟನ್ನೂ ಬಿಡದು. ಬಸಳೆ, ಅಲಸಂಡೆ, ಶಂಖಪುಷ್ಪದಂಥ ಅಲ್ಪಾಯುಷಿ ಬಳ್ಳಿಗಳಿಗೆ ಇದು ಸರಿ. ಬಿದಿರೂ ಹೀಗೆಯೇ, ಸ್ವಲ್ಪ ಹೆಚ್ಚು ಬಾಳುತ್ತದೆ. ಬಿದಿರನ್ನು ಕತ್ತರಿಸುವಾಗ ಮೇಲಿನ ತುದಿಯನ್ನು ಗಂಟಿಗೆ ಸರಿಯಾಗಿ ಕತ್ತರಿಸಬೇಕು, ಇಲ್ಲವೇ ಟೊಳ್ಳಿಗೆ ಸಿಮೆಂಟ್ ತುಂಬಬೇಕು. ತೆರೆದ ಟೊಳ್ಳಿನಲ್ಲಿ ನಿಲ್ಲುವ ಒಂದು ಲೋಟ ನೀರು ಸೊಳ್ಳೆ ಮರಿ ಮಾಡಲು ಧಾರಾಳ.

ನನಗೆ ತುಂಬ ಇಷ್ಟವಾದ ಸಾಮಗ್ರಿ ಹಳೆಯ ಮನೆಯ ರೀಪು, ಅಂದರೆ ಮಾಡಿನಲ್ಲಿ ಹೆಂಚು ಕೂರಿಸುವ ಮರದ ಪಟ್ಟಿ. ಹೆಂಚಿನ ಮನೆಗಳನ್ನು ಕೆಡವಿದಾಗ ಪಕ್ಕಾಸು, ರೀಪುಗಳೆಲ್ಲ ಹಳೆ ಮರದ ಅಂಗಡಿಗೆ ಬರುತ್ತವೆ. ಹತ್ತಾರು ವರ್ಷ ಹೆಂಚು ಹೊತ್ತ, ಚೆನ್ನಾಗಿ ಕಾಯ್ದ ಮರ ಅದು. ಹೊಸ ಮರದಂತೆ ಬಾಗುವುದಿಲ್ಲ. ಅಗಲ ಸುಮಾರು ಒಂದೂವರೆ ಎರಡು ಇಂಚು ಇರುವುದರಿಂದ ಬೇರೆ ಸೀಳಿಸಬೇಕಾದ ಕೆಲಸವೂ ಇಲ್ಲ. ಹಳೆ ಮೊಳೆಗಳನ್ನು ಒಂದೂ ಉಳಿಯದಂತೆ ಕಿತ್ತು, ಗೆದ್ದಲಿನ ಗುರುತಿರುವ ತುಂಡುಗಳನ್ನು ಬೇರೆ ತೆಗೆದು, ಜೋಡಿಸುವ ಮೊದಲೇ ನಾಲ್ಕೂ ಮೈಗೆ, ವಿಶೇಷವಾಗಿ ಕತ್ತರಿಸಿದ ತುದಿಗಳಿಗೆ, ಮರಕ್ಕೆ ಹಚ್ಚುವ ಎಣ್ಣೆಯನ್ನೋ ಬಣ್ಣವನ್ನೋ ಎರಡು ಸಲ ಹಚ್ಚಬೇಕು. ಮರ ನೀರು ಕುಡಿಯುವುದು ತುದಿಯಿಂದಲೇ.

ಕಬ್ಬಿಣದ ಚೌಕಟ್ಟು ಬೇಕಿದ್ದರೆ ಜಿ.ಐ. ಪೈಪನ್ನು (ಸತು ಲೇಪಿಸಿದ ಪೈಪನ್ನು) ಆರಿಸಿ. ಅದರಲ್ಲೂ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುವುದರಿಂದ ತುಕ್ಕು ಅಲ್ಲಿಂದಲೇ ಹುಟ್ಟುತ್ತದೆ. ವೆಲ್ಡರ್ ಹೊರಟುಹೋಗುವ ಮೊದಲೇ ಆ ಸಂದುಗಳನ್ನು ಉಜ್ಜಿಸಿ, ಸತು ಬೆರೆತ ಪ್ರೈಮರ್ ಹಚ್ಚಿಸಿಕೊಳ್ಳಿ. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಗೆ ಸಾಧಾರಣ ಸ್ಟೀಲ್ ಕೂಡ ಕಂದುಚುಕ್ಕೆ ಹಿಡಿಯುತ್ತದೆ. ಅಲ್ಲಿ ಬೋಲ್ಟ್, ಕೊಕ್ಕೆ, ತಂತಿಹಗ್ಗಗಳನ್ನು 304ರ ಬದಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕೊಳ್ಳುವುದು ಮೇಲು. ಅದರಲ್ಲಿರುವ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಉಪ್ಪಿನ ಹೊಡೆತವನ್ನು ತಾಳಿಕೊಳ್ಳುತ್ತದೆ. ಬೆಲೆ ಹೆಚ್ಚು ನಿಜ, ಆದರೆ ಬೇಕಾಗುವುದು ಹತ್ತಾರು ಬೋಲ್ಟು ಮಾತ್ರ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಸ್ಕ್ರೂ ಹಾಕುವವರು ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇಡಬೇಕು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ.

ನೈಲಾನ್ ಬಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಬೇಸಿಗೆಯ ಬಿಸಿಲಿಗೆ ಅದು ಪುಡಿಯಾಗುತ್ತದೆ, ಬಳ್ಳಿಯಿಂದ ಅದರ ಚೂರುಗಳನ್ನು ಬಿಡಿಸುವುದು ದಿನವಿಡೀ ಕೂರಿಸುವ ಕೆಲಸ.

ಭಾರ ನೆಲಕ್ಕೆ, ಹಿಡಿತ ಗೋಡೆಗೆ

ಮುರಕಲ್ಲಿನ ಗೋಡೆಗೆ ಭಾರ ತೂಗಹಾಕುವುದು ಸುಲಭವಲ್ಲ. ಕಲ್ಲಿನ ಒಳಗೆ ಹುಳು ಕೊರೆದಂಥ ಸಣ್ಣ ಸಣ್ಣ ಪೊಳ್ಳುಗಳಿರುತ್ತವೆ. ಡ್ರಿಲ್ಲಿನ ಮೊನೆ ಒಮ್ಮೊಮ್ಮೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದುಬಿಡುತ್ತದೆ, ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ರಾವಲ್ ಪ್ಲಗ್ ಅಲ್ಲಿ ಹಿಡಿಯದೆ ಸುತ್ತುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯೂ ಇದಕ್ಕಿಂತ ಮೇಲಲ್ಲ. ಮಳೆಯಲ್ಲಿ ನೆನೆದ ಬಳ್ಳಿ ಒಣ ಬಳ್ಳಿಗಿಂತ ಎಷ್ಟೋ ಭಾರ, ಅದರ ಮೇಲೆ ಗಾಳಿಯ ಜಗ್ಗಾಟ ಬೇರೆ. ಆದ್ದರಿಂದ ಹಂದರದ ಭಾರವನ್ನು ನೆಲವೇ ಹೊರಲಿ, ಗೋಡೆ ಅದನ್ನು ಬೀಳದಂತೆ ಹಿಡಿದುಕೊಳ್ಳಲಿ.

ಇದನ್ನು ಮಾಡುವ ಕ್ರಮ ಹೀಗೆ. ಹಂದರದ ಎರಡು ಕಾಲುಗಳಿಗೆ ನೆಲದಲ್ಲಿ ಒಂದೊಂದು ಅಡಿ ಆಳದ ಗುಂಡಿ ತೆಗೆದು, ಕಾಂಕ್ರೀಟ್ ತುಂಬಿ, ನೆಲಮಟ್ಟದಿಂದ ಮೂರು ನಾಲ್ಕು ಇಂಚು ಮೇಲಕ್ಕೆ ಬರುವಂತೆ ಪುಟ್ಟ ಪೀಠ ಮಾಡಬೇಕು. ಪೀಠದಲ್ಲಿ ಹುಗಿದ ಎರಡು ಪಟ್ಟಿಗಳ ನಡುವೆ ಹಂದರದ ಕಾಲು ನಿಲ್ಲುತ್ತದೆ. ಅಡ್ಡಲಾಗಿ ಒಂದೇ ಬೋಲ್ಟ್ ತೂರಿಸಿದರೆ ಅದೇ ಬಿಜಾಗರಿಯಂತೆ ಕೆಲಸ ಮಾಡುತ್ತದೆ. ಕಾಲಿನ ಬುಡ ಮಣ್ಣಿಗೆ ತಾಗದಿರುವುದರಿಂದ ಗೆದ್ದಲಿನ ಕಾಟವೂ ಕಡಿಮೆ, ಕದ್ದು ಹತ್ತಿದರೂ ಪೀಠದ ಮೇಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.

ಮೇಲಿನ ಹಿಡಿತಕ್ಕೆ ಲಿಂಟಲ್ ಪಟ್ಟಿಯನ್ನು ಹುಡುಕಿ. ಹೆಚ್ಚಿನ ಮನೆಗಳಲ್ಲಿ ಬಾಗಿಲು, ಕಿಟಕಿಗಳ ತಲೆಯ ಮಟ್ಟದಲ್ಲಿ ಗೋಡೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹೋಗಿರುತ್ತದೆ. ಸಾರಣೆಯ ಮೇಲಿಂದ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬಂದರೆ ಅಲ್ಲಿ ಸದ್ದು ಗಡುಸಾಗುತ್ತದೆ. ಡ್ರಿಲ್‌ನಿಂದ ಕೆಂಪು ಹುಡಿಯ ಬದಲು ಬೂದು ಹುಡಿ ಬಂದರೆ ಸರಿಯಾದ ಜಾಗ ಸಿಕ್ಕಿತೆಂದು ಅರ್ಥ. ಆ ಪಟ್ಟಿಗೆ ಎರಡು ಅಥವಾ ಮೂರು ಆಂಕರ್ ಬೋಲ್ಟ್ ಹಾಕಿ, ನಾಲ್ಕು ಇಂಚು ಮುಂದಕ್ಕೆ ಚಾಚಿದ ಕೊಕ್ಕೆಗಳನ್ನು ಕೂರಿಸಿ. ಹಂದರದ ಮೇಲಿನ ಅಡ್ಡಪಟ್ಟಿ ಈ ಕೊಕ್ಕೆಗಳಲ್ಲಿ ಕುಳಿತು, ಕೈಯಿಂದಲೇ ಬಿಗಿಯುವ ರೆಕ್ಕೆ ನಟ್ಟಿನಿಂದ ಭದ್ರವಾಗುತ್ತದೆ. ನಟ್ಟು ಬಿಚ್ಚಿದರೆ ಇಡೀ ಹಂದರ ಬುಡದ ಬೋಲ್ಟಿನ ಮೇಲೆ ತಿರುಗಿ, ಇಬ್ಬರು ಹಿಡಿದರೆ ನಿಧಾನವಾಗಿ ಅಂಗಳಕ್ಕೆ ಬಾಗುತ್ತದೆ. ಎಂಟು ಒಂಬತ್ತು ಅಡಿ ಎತ್ತರ, ನಾಲ್ಕು ಅಡಿ ಅಗಲಕ್ಕಿಂತ ದೊಡ್ಡದಾದರೆ ಇದು ಇಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೇ ಆ ಮಿತಿ.

ತೂತು ಕೊರೆಯುವಾಗ ಒಂದು ಸಣ್ಣ ವಿಷಯಕ್ಕೆ ಗಮನ ಕೊಡಬೇಕು. ಡ್ರಿಲ್ಲನ್ನು ನೇರವಾಗಿ ಹಿಡಿಯದೆ, ಅದರ ತುದಿ ಒಳಗೆ ಹೋದಂತೆ ಕೊಂಚ ಮೇಲಕ್ಕೆ ಏರುವಂತೆ ಹಿಡಿಯಿರಿ. ತೂತಿನ ಬಾಯಿ ತಗ್ಗಿನಲ್ಲಿದ್ದರೆ ನೀರು ಹೊರಗೆ ಇಳಿಯುತ್ತದೆ. ಬಾಯಿ ಎತ್ತರದಲ್ಲಿದ್ದರೆ ಪ್ರತಿ ಮಳೆಯೂ ಗೋಡೆಯ ಹೊಟ್ಟೆಗೆ ಹೋಗುತ್ತದೆ. ಬೋಲ್ಟ್ ಬಿಗಿದ ಮೇಲೆ ಅದರ ಸುತ್ತ ಸಿಲಿಕಾನ್ ಸೀಲೆಂಟಿನ ಉಂಗುರ ಎಳೆಯಬೇಕು. ಹೊರಗಿನ ದೀಪ, ಸ್ವಿಚ್ಚು, ನಲ್ಲಿಗಳ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಕೊರೆಯಬೇಡಿ, ಒಳಗೆ ವಯರೋ ಪೈಪೋ ಇದ್ದೇ ಇರುತ್ತದೆ.

ಲಿಂಟಲ್ ಪಟ್ಟಿಯೇ ಇಲ್ಲದ ಹಳೆಯ ಮನೆಗಳಲ್ಲಿ ಗೋಡೆಗೆ ಕೈಹಾಕದೆ, ಎರಡು ಜಿ.ಐ. ಪೈಪುಗಳನ್ನು ಎರಡು ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂತು, ಅವುಗಳ ನಡುವೆ ಹಂದರ ಕಟ್ಟಿದರೆ ಸಾಕು. ಬಾಡಿಗೆ ಮನೆಯವರಿಗೂ ಫ್ಲ್ಯಾಟಿನವರಿಗೂ ದೊಡ್ಡ ಸಿಮೆಂಟ್ ಕುಂಡದೊಳಗೇ ನಿಲ್ಲಿಸಿದ ಐದು ಅಡಿಯ ಹಂದರವೇ ಲೇಸು, ತಾರಸಿಯ ಗಾಳಿಗೆ ಅದನ್ನು ಕಟಾಂಜನಕ್ಕೆ ಕಟ್ಟಿರಬೇಕು.

ಯಾವ ಬಳ್ಳಿ ಹೇಗೆ ಹತ್ತುತ್ತದೆ

ಬಳ್ಳಿಯ ಹೂ ನೋಡಿ ಮರುಳಾಗುವ ಮೊದಲು ಅದು ಹತ್ತುವ ಬಗೆಯನ್ನು ನೋಡಬೇಕು. ಬಸಳೆ, ಶಂಖಪುಷ್ಪದಂಥ ನಮ್ಮ ಹಿತ್ತಲ ಬಳ್ಳಿಗಳು ತಮ್ಮ ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಏರುತ್ತವೆ. ಅವಕ್ಕೆ ಬೇಕಾದದ್ದು ಉದ್ದುದ್ದ ಸಲಾಕೆ ಅಥವಾ ತಂತಿ. ಹಾಗಲ, ಪಡವಲ, ತೊಂಡೆ, ಪ್ಯಾಷನ್ ಫ್ರೂಟ್‌ಗಳು ನುಲಿಬಳ್ಳಿ ಚಾಚಿ ಹಿಡಿಯುತ್ತವೆ. ಆ ಎಳೆಗಳು ದಪ್ಪ ಪೈಪನ್ನು ಬಳಸಲಾರವು, ಪೆನ್ಸಿಲ್‌ಗಿಂತ ಸಣ್ಣ ತಂತಿಯೋ ಹಗ್ಗವೋ ಬೇಕು. ಕಾಗದದ ಹೂವಿನ ಗಿಡ ನಿಜವಾಗಿ ಬಳ್ಳಿಯೇ ಅಲ್ಲ. ಮುಳ್ಳು ಸಿಕ್ಕಿಸಿಕೊಂಡು ಒರಗುವ ಪೊದೆ. ಅದಕ್ಕೆ ಅಡ್ಡಪಟ್ಟಿಗಳೇ ಮುಖ್ಯ, ಕಟ್ಟುವ ಕೆಲಸ ನಿಮ್ಮದು. ಕರಿಮೆಣಸು, ವೀಳ್ಯ, ಮನಿ ಪ್ಲಾಂಟ್‌ಗಳು ಗಂಟಿನ ಬೇರುಗಳಿಂದ ಅಂಟುತ್ತವೆ. ಈ ಕೊನೆಯ ಬಗೆಯವನ್ನು ನೇರ ಗೋಡೆಗೆ ಬಿಡಲೇಬಾರದು. ಗೋಡೆಗೆ ಅಂಟಿದ ಮನಿ ಪ್ಲಾಂಟನ್ನು ಎಳೆದಾಗ ಬಣ್ಣವೂ ಅದರ ಜೊತೆಗೇ ಸಿಪ್ಪೆಯಾಗಿ ಬರುತ್ತದೆ, ಗೋಡೆಯಲ್ಲಿ ಶತಪದಿ ನಡೆದಂಥ ಗುರುತು ಉಳಿಯುತ್ತದೆ. ನರ್ಸರಿಗಳಲ್ಲಿ ಈಚೆಗೆ ಗೋಡೆಗೆಂದೇ ಮಾರುವ, ಸಣ್ಣೆಲೆಯ ಫೈಕಸ್ ಬಳ್ಳಿಯೂ ಇದೇ ಜಾತಿಗೆ ಸೇರಿದ್ದು. ಕಂಪೌಂಡ್ ಗೋಡೆಗೆ ಬೇಕಾದರೆ ಹಾಕಿ, ಮನೆಯ ಗೋಡೆಗೆ ಬೇಡ.

ದಕ್ಷಿಣ ಮತ್ತು ಪಶ್ಚಿಮಕ್ಕೆ ನನ್ನ ಮೊದಲ ಆಯ್ಕೆ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ಉಪ್ಪುಗಾಳಿ, ಬಿಸಿಲು, ನೀರಿನ ಕೊರತೆ ಮೂರನ್ನೂ ಅದು ತಾಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಬರೀ ಎಲೆ, ಚಿಗುರು. ಅಕ್ಟೋಬರ್ ಕಳೆದು ಮಣ್ಣು ಒಣಗತೊಡಗಿದ ಮೇಲೆ ಬಣ್ಣ. ಆಗ ಕರುಣೆಯಿಂದ ದಿನಾ ನೀರು ಹಾಕುವವರ ಮನೆಯಲ್ಲಿ ಹೂ ಬರುವುದಿಲ್ಲ.

ಮಧುಮಾಲತಿಯ ಮೇಲೆ ನನಗೆ ಈಗಲೂ ಮೋಹ ಹೋಗಿಲ್ಲ. ಸಂಜೆ ಅರಳುವಾಗ ಅದರ ಹೂ ಬಿಳಿ. ಮರುದಿನ ನಸುಗುಲಾಬಿ, ಅದರ ಮರುದಿನ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ತೂಗಾಡುತ್ತಿರುತ್ತವೆ, ಬಿಳಿಯ ಹೂವಿಗೆ ರಾತ್ರಿಯ ಪತಂಗಗಳು ಬಂದು ಕೊಳವೆಯೊಳಗೆ ಉದ್ದ ಸೊಂಡಿಲು ಇಳಿಸುವುದನ್ನು ಜಗಲಿಯ ದೀಪ ಆರಿಸಿ ಕುಳಿತರೆ ನೋಡಬಹುದು. ಆದರೆ ಅದು ಹೆಬ್ಬಳ್ಳಿ, ಜಿ.ಐ. ಪೈಪಿನ ಹಂದರಕ್ಕೆ ಮಾತ್ರ ತಕ್ಕದ್ದು. ವರ್ಷಕ್ಕೆ ಎರಡು ಸಲ ಸವರದಿದ್ದರೆ ಮಾಡಿನೊಳಗೆ ನುಗ್ಗಿ ಹೆಂಚು ಎಬ್ಬಿಸುತ್ತದೆ.

ಪೂರ್ವದ ಗೋಡೆಗೆ ಶಂಖಪುಷ್ಪ, ಜಾಜಿ ಅಥವಾ ನಮ್ಮ ಉಡುಪಿ ಮಲ್ಲಿಗೆ. ಶಂಕರಪುರದ ಸುತ್ತಮುತ್ತಲ ಅಂಗಳಗಳಲ್ಲಿ ಮಲ್ಲಿಗೆಯನ್ನು ಹೂವಿನ ವ್ಯಾಪಾರಕ್ಕಾಗಿ, ಚೆಂಡು, ಅಟ್ಟೆ ಎಂಬ ಅಳತೆಗಳ ಲೆಕ್ಕದಲ್ಲಿ ಬೆಳೆಯುತ್ತಾರೆ. ಗೋಡೆಯ ಅಲಂಕಾರಕ್ಕೆಂದು ಯಾರೂ ಬೆಳೆಯುವುದಿಲ್ಲ. ಅದು ಹೆಚ್ಚು ಎತ್ತರಕ್ಕೆ ಹೋಗದ ಬಳ್ಳಿ, ಆಳೆತ್ತರದ ಹಂದರಕ್ಕೆ ಒರಗಿಸಿದರೆ ಒಪ್ಪವಾಗಿ ನಿಲ್ಲುತ್ತದೆ. ಮೊಗ್ಗು ಕೊಯ್ಯಲು ಕೈ ಎಟುಕುವಂತಿರಬೇಕಾದ್ದರಿಂದ ಅಷ್ಟೇ ಎತ್ತರ ಸಾಕು. ಶಂಖಪುಷ್ಪ ಬೀಜದಿಂದಲೇ ಬರುತ್ತದೆ. ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಬಿತ್ತಿದರೆ ಎರಡು ತಿಂಗಳೊಳಗೆ ಹೂ ಕಾಣಬಹುದು. ಮೊದಲ ಹಂದರದ ಮೇಲೆ ದೊಡ್ಡ ಬಳ್ಳಿ ಹಬ್ಬುವವರೆಗಿನ ಬೋಳನ್ನು ತುಂಬಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಉತ್ತರದ ನೆರಳಿಗೆ ಕರಿಮೆಣಸು ಇರಲಿ. ಹಂದರದ ನಡುಗಂಬಕ್ಕೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿದರೆ ಬೇರುಗಳು ಗೋಡೆಯನ್ನು ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಸೊರಗು ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವ ಅಭ್ಯಾಸ ನಮ್ಮ ತೋಟದವರಿಗೆಲ್ಲ ಇದೆ. ಗೋಡೆಯ ಬಳಿ ಹೊಡೆಯುವಾಗ ಹಿಂದೆ ಒಂದು ಟಾರ್ಪಾಲು ಹಿಡಿಯಿರಿ, ಇಲ್ಲವಾದರೆ ಗೋಡೆಯೂ ನೀಲಿ ಬಣ್ಣ ಬಳಿದುಕೊಳ್ಳುತ್ತದೆ. ಅದರಲ್ಲಿರುವ ಮೈಲುತುತ್ತು ಜಿ.ಐ. ಪೈಪಿನ ಲೇಪಕ್ಕೂ ಒಳ್ಳೆಯದಲ್ಲ.

ಅಲಮಾಂಡದ ಹಳದಿ ಹೂ ಸುಂದರ, ಆದರೆ ಅದರ ಹಾಲು ವಿಷಕರ, ಸವರುವಾಗ ಕೈಗವಸು ಬೇಕು. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯಂತೆ ಅರಳುವ ಗೌರಿ ಹೂವನ್ನು ಕೆಲವರು ಹಂದರಕ್ಕೆ ತರುತ್ತಾರೆ. ಅದರ ಗೆಡ್ಡೆ ಪ್ರಾಣಾಪಾಯದ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಅಡಿಗೆಮನೆಯ ಹಿಂಗೋಡೆಗಂತೂ ಬಸಳೆಯನ್ನು ಮೀರಿಸುವ ಬಳ್ಳಿ ಇಲ್ಲ, ಕೆಂಪು ದಂಟಿನದ್ದಾದರೆ ಅಲಂಕಾರವೂ ಆಯಿತು, ಗಸಿಯೂ ಆಯಿತು.

ಗುಂಡಿ ಮತ್ತು ನಾಟಿ

ಗೋಡೆಯ ಬುಡಕ್ಕೆ ಅಂಟಿಸಿ ನೆಡಬಾರದು. ಕಟ್ಟಡ ಕಟ್ಟುವಾಗ ಸುರಿದ ಸಿಮೆಂಟು, ಸುಣ್ಣ, ಕಲ್ಲಿನ ಚೂರುಗಳೇ ಅಲ್ಲಿ ತುಂಬಿರುತ್ತವೆ, ಮನೆಯ ಪಂಚಾಂಗಕ್ಕೂ (ಅಡಿಪಾಯಕ್ಕೂ) ಬೇರಿನ ಸಹವಾಸ ಒಳ್ಳೆಯದಲ್ಲ. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ನಮ್ಮ ಮಣ್ಣಿನಲ್ಲಿ ಅರ್ಧ ಅಡಿ ಕೆಳಗೇ ಮುರಕಲ್ಲಿನ ಹಾಸು ಸಿಕ್ಕುವುದುಂಟು. ಅಂಥ ಗುಂಡಿ ಮಡಕೆಯಂತೆ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಗುಂಡಿಗೆ ಒಂದು ಕೊಡಪಾನ ನೀರು ಹೊಯ್ದು ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಸರಿ. ಇಂಗದಿದ್ದರೆ ಅಗೆಯುವ ಶ್ರಮ ಬಿಟ್ಟು, ಮುರಕಲ್ಲಿನ ತುಂಡುಗಳಿಂದ ನೆಲದ ಮೇಲೆಯೇ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿ ಮಣ್ಣು ತುಂಬುವುದು ಲೇಸು.

ಕೆಂಪು ಮೇಲ್ಮಣ್ಣು ಎರಡು ಪಾಲು, ಹಟ್ಟಿಗೊಬ್ಬರ ಒಂದು ಪಾಲು, ಸುಡುಮಣ್ಣು ಅರ್ಧ ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ: ನನ್ನ ಲೆಕ್ಕ ಇಷ್ಟೇ. ಗುಂಡಿಯನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ತುಂಬಿ. ಮಳೆ ಬಿದ್ದಾಗ ಅದು ತಾನಾಗಿ ಕುಸಿಯುತ್ತದೆ. ಸೂರುನೀರು ಅಥವಾ ತಾರಸಿಯ ಪೈಪಿನ ನೀರು ನೇರವಾಗಿ ಬುಡಕ್ಕೆ ಧುಮುಕುವ ಜಾಗವನ್ನು ತಪ್ಪಿಸಬೇಕು. ಗಟ್ಟಿ ಬಳ್ಳಿಗಳನ್ನು ಜೂನ್ ಮೊದಲ ವಾರಗಳಲ್ಲಿ ನೆಡಬಹುದು. ಮಲ್ಲಿಗೆ, ಶಂಖಪುಷ್ಪಗಳಿಗೆ ಮಳೆಯ ಜೋರು ಇಳಿದ ಸೆಪ್ಟೆಂಬರ್ ಕ್ಷೇಮ. ಗಿಡವನ್ನು ಗೋಡೆಯ ಕಡೆಗೆ ಕೊಂಚ ವಾಲಿಸಿ ನೆಟ್ಟು, ಒಂದು ಸಲಾಕೆಯಿಂದ ಹಂದರದವರೆಗೆ ಸೇತುವೆ ಹಾಕಿಕೊಡಿ.

ಹಬ್ಬಿಸುವುದು

ಬಳ್ಳಿಗೆ ಮೇಲಕ್ಕೆ ಓಡುವುದೊಂದೇ ಗೊತ್ತು. ಹಾಗೆಯೇ ಬಿಟ್ಟರೆ ಒಂದು ವರ್ಷದಲ್ಲಿ ಹಂದರದ ನೆತ್ತಿಯ ಮೇಲೆ ಒಂದು ಹುಲ್ಲುಮೆದೆ, ಕೆಳಗೆ ಬೋಳು ಕಾಂಡ. ಆದ್ದರಿಂದ ಮೊದಲ ಆರು ತಿಂಗಳು ಚಿಗುರುಗಳನ್ನು ಎಡಕ್ಕೂ ಬಲಕ್ಕೂ, ಬೀಸಣಿಗೆಯ ಕಡ್ಡಿಗಳಂತೆ ಅಡ್ಡಡ್ಡ ಎಳೆದು ಕಟ್ಟಬೇಕು. ಒಂದು ಗೇಣಿನಷ್ಟು ಬೆಳೆದ ನಟ್ಟನಡುವಿನ ಚಿಗುರಿನ ತುದಿಯನ್ನು ಒಮ್ಮೆ ಚಿವುಟಿದರೆ ಪಕ್ಕದ ಕವಲುಗಳು ಬೇಗ ಒಡೆಯುತ್ತವೆ. ಕಟ್ಟಲು ಬಾಳೆನಾರು ಅಥವಾ ಹಳೆಯ ಹತ್ತಿ ಸೀರೆಯ ಪಟ್ಟಿ ಸಾಕು. ಹಂದರಕ್ಕೊಂದು ಸುತ್ತು, ಬಳ್ಳಿಗೊಂದು ಸಡಿಲ ಸುತ್ತು ಹಾಕಿ, ನಡುವೆ ತಿರುಚಿ ಗಂಟು ಹಾಕಿ. ತಂತಿಯಿಂದ ಕಟ್ಟಿದರೆ ಕಾಂಡ ದಪ್ಪವಾದಂತೆ ಅದರೊಳಗೇ ಹೂತುಹೋಗುತ್ತದೆ. ಸುತ್ತಿ ಹತ್ತುವ ಬಳ್ಳಿಗಳಿಗೆ ತಮ್ಮದೇ ತಿರುವಿನ ದಿಕ್ಕು ಇರುತ್ತದೆ. ಇವತ್ತು ನೀವು ಅದನ್ನು ಎದುರು ದಿಕ್ಕಿಗೆ ಸುತ್ತಿಟ್ಟರೆ ನಾಳೆ ಬಿಚ್ಚಿಕೊಂಡು ನೇತಾಡುತ್ತಿರುತ್ತದೆ.

ಹಂದರದ ಹಿಂದಕ್ಕೆ ನುಸುಳಿದ ಚಿಗುರನ್ನು ಎಳೆಯದಾಗಿರುವಾಗಲೇ ಮುಂದಕ್ಕೆ ತಂದುಬಿಡಬೇಕೆಂಬುದನ್ನು ಮಾತ್ರ ಮರೆಯಬಾರದು. ಬಲಿತ ಮೇಲೆ ಅದು ಬಗ್ಗುವುದಿಲ್ಲ, ಗೋಡೆಯ ನಾಲ್ಕು ಇಂಚನ್ನು ಅದೇ ತುಂಬಿಬಿಡುತ್ತದೆ. ಬುಡದ ಒಂದು ಅಡಿಯಷ್ಟು ಎತ್ತರವನ್ನು ಎಲೆಯಿಲ್ಲದಂತೆ ಸವರಿಟ್ಟರೆ ಕಸ ಗುಡಿಸಲು ಸುಲಭ, ಹಾವು ಸುರುಳಿ ಸುತ್ತಿಕೊಂಡು ಕೂರುವ ಭಯವೂ ಕಡಿಮೆ. ಬಳ್ಳಿ ಮಾಡಿಗೆ, ಕಿಟಕಿಗೆ ತಾಗದಿರಲಿ, ಇಲಿಗಳಿಗೆ ಅದು ರಾಜಬೀದಿ.

ಬೇಸಿಗೆಯಲ್ಲಿ ಬುಡಕ್ಕೆ ಅಡಕೆ ಹಾಳೆ, ತೆಂಗಿನ ಸಿಪ್ಪೆ ಹೊದಿಸಿದರೆ ಎರಡು ದಿನಕ್ಕೊಮ್ಮೆ ನೀರು ಸಾಕಾಗುತ್ತದೆ. ಹೊಳೆಬಾಗಿಲಿನ ಹತ್ತಿರದ ಊರುಗಳಲ್ಲಿ ಏಪ್ರಿಲ್ ಹೊತ್ತಿಗೆ ಬಾವಿನೀರು ಉಪ್ಪಾಗುವುದುಂಟು. ಅಂಥ ಕಡೆ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಾಲ್ದಿಯಲ್ಲಿ ಹಿಡಿದು ಹಾಕುವುದು ನಾಚಿಕೆಪಡಬೇಕಾದ ಕೆಲಸವಲ್ಲ.

ಮಳೆಗಾಲಕ್ಕೆ ಮುಂಚೆ, ಮಳೆಗಾಲದ ನಂತರ

ಮೇ ಮಧ್ಯದಲ್ಲಿ ಬಳ್ಳಿಯ ಮೂರನೆಯ ಒಂದು ಪಾಲನ್ನು ಸವರಿ ಹಗುರ ಮಾಡಬೇಕು. ಹಂದರದ ಎದುರು ನಿಂತರೆ ಎಲೆಗಳ ನಡುವೆ ಅಲ್ಲಲ್ಲಿ ಗೋಡೆ ಕಾಣುವಷ್ಟು. ಗಾಳಿ ತೂರಿಹೋದರೆ ಹಂದರ ಉಳಿಯುತ್ತದೆ. ಅದೇ ದಿನ ನಟ್ಟು ಬೋಲ್ಟುಗಳನ್ನು ಒಮ್ಮೆ ಬಿಗಿದು, ಅವುಗಳ ಎಳೆಗೆ ಒಂದಿಷ್ಟು ಗ್ರೀಸ್ ಹಚ್ಚಿ, ಒಣಗಿದ ಎಲೆಗಳನ್ನು ಹಿಂದಿನಿಂದ ಉದ್ದ ಹಿಡಿಯ ಕಡ್ಡಿಪೊರಕೆಯಿಂದ ಕೆಳಗೆ ಇಳಿಸಿ. ಮಳೆ ಹಿಡಿದ ಮೇಲೆ ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಹೆಕ್ಕುವುದು ಬಿಟ್ಟರೆ ಮಾಡುವಂಥದ್ದು ಹೆಚ್ಚಿಲ್ಲ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟದೆ, ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಿ.

ಅಕ್ಟೋಬರಿನಲ್ಲಿ ಗೋಡೆಯ ಸಂದುಗಳನ್ನು ಪರೀಕ್ಷಿಸಬೇಕು. ಹಂದರಕ್ಕೆ ಹಕ್ಕಿಗಳು ಬಂದು ಕೂರುವುದು ಸಂತೋಷವೇ, ಆದರೆ ಅವು ಹಿಕ್ಕೆಯಲ್ಲಿ ಗೋಳಿ, ಅಶ್ವತ್ಥದ ಬೀಜಗಳನ್ನೂ ಬಿಟ್ಟು ಹೋಗುತ್ತವೆ. ಎರಡೆಲೆಯ ಸಸಿಯಾಗಿರುವಾಗ ಎರಡು ಬೆರಳಿನಿಂದ ಕಿತ್ತರೆ ಬರುತ್ತದೆ. ಒಂದು ವರ್ಷ ಬಿಟ್ಟರೆ ಗೋಡೆ ಒಡೆದೇ ತೆಗೆಯಬೇಕು. ಕಾಗದದ ಹೂವನ್ನು ಸವರುವುದೂ ಈ ತಿಂಗಳಲ್ಲೇ, ಹೊಸ ಚಿಗುರಿನ ತುದಿಯಲ್ಲೇ ಅದು ಬಣ್ಣ ಕಟ್ಟುವುದು.

ನಾಲ್ಕೈದು ವರ್ಷಕ್ಕೊಮ್ಮೆ ಗೋಡೆಗೆ ಬಣ್ಣ ಹಚ್ಚುವ ಕಾಲ ಬರುತ್ತದೆ. ಆಗ ಬಳ್ಳಿಯನ್ನು ಸೊಂಟದ ಎತ್ತರಕ್ಕೆ ಸವರಿ, ಉಳಿದ ಕಾಂಡಗಳನ್ನು ಹಂದರಕ್ಕೆ ಕಟ್ಟಿಯೇ ಇರಿಸಿ, ಮೇಲಿನ ರೆಕ್ಕೆ ನಟ್ಟುಗಳನ್ನು ಬಿಚ್ಚಿ. ಒಬ್ಬರು ಮೇಲಂಚನ್ನು, ಇನ್ನೊಬ್ಬರು ನಡುಪಟ್ಟಿಯನ್ನು ಹಿಡಿದು ಹಂದರವನ್ನು ಪೂರ್ತಿ ಮಲಗಿಸದೆ, ಗಿಡದ ಬುಡ ಬಾಗುವಷ್ಟೇ ವಾಲಿಸಿ, ಎರಡು ಕವೆಗೋಲು ಕೊಟ್ಟು ನಿಲ್ಲಿಸಬೇಕು. ಬಣ್ಣದವರು ಹಿಂದೆ ನಡೆದಾಡಿ ಕೆಲಸ ಮಾಡುವಷ್ಟು ಜಾಗ ಸಿಗುತ್ತದೆ. ಕೊಕ್ಕೆಯ ಬುಡದ ಸೀಲೆಂಟ್ ಬಿರುಕುಬಿಟ್ಟಿದ್ದರೆ ಆಗಲೇ ಕೆರೆದು ಹೊಸದು ಹಾಕಿಸಿ, ಬಣ್ಣ ಒಣಗಲು ಮೂರು ದಿನ ಬಿಟ್ಟು, ಹಂದರವನ್ನು ಎತ್ತಿ ಮತ್ತೆ ಕೊಕ್ಕೆಗೆ ಕೂರಿಸಿ. ನಮ್ಮ ಪಡುವಣ ಗೋಡೆಗೆ ಹೋದ ಫೆಬ್ರವರಿಯಲ್ಲಿ ಹೀಗೆ ಮಾಡಿದೆವು. ಏಪ್ರಿಲ್ ಹೊತ್ತಿಗೆ ಮಧುಮಾಲತಿಯ ಚಿಗುರು ಮತ್ತೆ ಲಿಂಟಲ್ ಪಟ್ಟಿಯ ಹತ್ತಿರ ಬಂದಿತ್ತು.